ಎಡಮಂಡಿಯ ಲೋಡ್ ಟೆಸ್ಟ್

ಫೆಬ್ರವರಿ 3, ಬೆಳಿಗ್ಗೆ

ಎದ್ದೆ, ಕೂತೆ, ಮತ್ತೆ ಎದ್ದೆ. ಎಡಮಂಡಿ ಇವತ್ತೂ ಕಟಕಟ. ಪೇಪರ್ ಓದಿದ್ದೇ ಓದಿದೆ, ಒಂದಕ್ಷರ ತಲೆಗೆ ಹೋಗಲಿಲ್ಲ. ಹಾಲ್ ತುಂಬ ಮಗಳ ಪೆಟ್ಟಿಗೆಗಳು. ಈ ಊರಿಗೆ ವರ್ಗವಾಗಿ ಬಂದು ತಿಂಗಳಾಯಿತು, ಇನ್ನೂ ಸೋಫಾದ ಮೇಲೇ ಮಲಗುತ್ತಾಳೆ. ಮೇಲಿನ ಕೋಣೆ ಬೀಗ ಹಾಕಿಕೊಂಡು ಕೂತಿದೆ. ಬೀಗದ ಕೈ ನನ್ನ ಜೇಬಿನಲ್ಲಿ.

"ಅಪ್ಪಾ, ಅಮ್ಮನ ಕೋಣೆ ಖಾಲಿ ಮಾಡೋಣ್ವಾ?"

"ಅದನ್ನ ನಾನೇ ಮಾಡ್ಬೇಕು. ಮಂಡಿ ಬಿಡಲ್ವಲ್ಲ, ಏನ್ಮಾಡ್ಲಿ?"

"ಮಾರ್ಕೆಟ್ಟಿಗೆ ಹೋಗೋಕೆ ಬಿಡತ್ತೆ, ಇಸ್ಪೀಟಾಡೋಕೆ ಹೋಗೋಕೆ ಬಿಡತ್ತೆ. ಮೆಟ್ಟಿಲು ಕಂಡ್ರೆ ಮಾತ್ರ ಹಠ ಮಾಡತ್ತಾ?"

ಅವಳಮ್ಮನ ನಾಲಿಗೆ ಹಾಗೇ ಇಳಿದು ಬಂದಿದೆ. ಆ ನಾಲಿಗೆ ಈ ಮನೆಯಲ್ಲಿ ಸುಮ್ಮನಾಗಿ ಎರಡು ವರ್ಷ. ಕೋಣೆ ವಿಷಯ ಪೋಸ್ಟ್‌ಪೋನ್ಡ್... ಸೈನ್ ಡೈ? ಕಾಲೇಜಿನಲ್ಲಿ ಕಲಿತದ್ದು. ದಿನಾಂಕ ಹೇಳದೆ ಮುಂದೂಡುವುದು. ಇರಬೇಕು.

ಫೆಬ್ರವರಿ 9

ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಎರಡು ಮೂಳೆಗಳ ನಡುವೆ ಗಾಳಿಯಾಡಲೂ ಜಾಗವಿಲ್ಲ. ಸವೆಯದೆ ಏನು! ಲಿಫ್ಟ್ ಮೆಕ್ಯಾನಿಕ್ ನಾನು. ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ಮಂಡಿಯೂರಿಯೇ ಸರ್ವಿಸ್ ಮುಗಿಸಿದವನು. ಮಂಡಿ ಹತ್ತಿರ ಪ್ಯಾಂಟ್ ಹರಿದಾಗಲೆಲ್ಲ ಹೆಂಡತಿ ತೇಪೆ ಹಾಕುತ್ತಿದ್ದಳು. "ಒಳಗಿಂದು ಹರಿದ್ರೆ ನನ್ನ ಹತ್ರ ಬರ್ಬೇಡಿ ಮತ್ತೆ" ಅನ್ನುತ್ತಿದ್ದಳು.

"ಬದಲಾಯಿಸೋದೇ ಒಳ್ಳೇದು. ಆದ್ರೆ ಅವಸರ ಇಲ್ಲ, ಯೋಚ್ನೆ ಮಾಡಿ" ಎಂದರು ಡಾಕ್ಟರು.

ಅವಸರವಿಲ್ಲ ಅಂದದ್ದೇ ಜೀವ ಬಂದಂತಾಯಿತು. ಆಸ್ಪತ್ರೆಯ ಬಾಗಿಲಲ್ಲೇ ಮಗಳು ಹಿಡಿದುಕೊಂಡಳು. "ಒಂದೋ ಆಪರೇಷನ್ ಮಾಡಿಸ್ಕೊಂಡು ನೀನೇ ಮೇಲೆ ಹತ್ತು. ಇಲ್ಲಾಂದ್ರೆ ಬೀಗದ ಕೈ ಕೊಡು, ನಾನು ಖಾಲಿ ಮಾಡ್ತೀನಿ."

ಫೆಬ್ರವರಿ 10, ಮಧ್ಯಾಹ್ನ

ಬೀಗದ ಕೈ ಕೊಡಲಾರೆ. ಅವಳ ಸಾಮಾನಿಗೆ ಬೇರೆ ಕೈ... ಮಗಳದೇ ಆದರೂ. ಆಪರೇಷನ್ನೂ ಬೇಡ. ಕತ್ತರಿಯ ಭಯವಲ್ಲ. ಮಂಡಿ ಸರಿಹೋದ ಮೇಲೆ ಏನು ನೆಪ ಹೇಳಲಿ? ಬೆಳಗಿನಿಂದ ಹಾಲ್‌ನಲ್ಲಿ ಹಿದರ್ ಅಂಡ್ ದಿದರ್, ಅತ್ತಿಂದಿತ್ತ, ಪೆಟ್ಟಿಗೆಗಳ ಸುತ್ತ.

ಸಂಜೆ: ಮಾಡಿಸಿಕೊಳ್ಳುತ್ತೇನೆ ಅಂದುಬಿಟ್ಟೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ.

ಮಾರ್ಚ್ 6

ಆಪರೇಷನ್ ಆಯಿತು. ಪೆನ್ನು ಹಿಡಿಯಲು ಇಷ್ಟು ದಿನ ಬೇಕಾಯಿತು. ನೋವು — ಎಕ್ಸ್‌ಕ್ರೂಸಿಯೇಟಿಂಗ್, ಪ್ರಾಣ ಹಿಂಡುವಂಥದ್ದು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಪದ, ಅರ್ಥ ಈಗ ಆಯಿತು. ದಿನಾ ಮನೆಗೇ ಬರುವ ಥೆರಪಿ ಮೇಡಂ ನೋಡಲು ಕಡ್ಡಿ, ಹಿಡಿತ ಮಾತ್ರ ಇಕ್ಕಳ.

"ಬಗ್ಗಿಸಿ ಅಂಕಲ್... ಇನ್ನೂ... ಇನ್ನೂ..."

"ನಿಮ್ಮ ಕೈಗೆ ಸಿಕ್ಕಿದವರು ಏನಾದ್ರಮ್ಮಾ?"

"ಎದ್ದು ನಡ್ಕೊಂಡು ಹೋದ್ರು ಅಂಕಲ್, ನನ್ನ ಬೈಕೊಂಡು."

ಮಾರ್ಚ್ 24

ವಾಕರ್ ಹೋಗಿ ಕೋಲು ಬಂತು. ಇವತ್ತು ಮೆಟ್ಟಿಲಿನ ಪಾಠ. ಹತ್ತುವಾಗ ಒಳ್ಳೇ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದ ಕಾಲು ಮುಂದೆ. ಸದ್ಯಕ್ಕೆ ಮೂರೇ ಮೆಟ್ಟಿಲು. ಭಾರ ಎತ್ತಕೂಡದು.

ನನಗೆ ಸಮಾಧಾನವಿಲ್ಲ. ಹೊಸ ಹಗ್ಗ ಹಾಕಿದ ಲಿಫ್ಟನ್ನು ಮೊದಲು ಖಾಲಿ ಓಡಿಸುತ್ತಿದ್ದೆವು, ಆಮೇಲೆ ಮರಳಿನ ಚೀಲ ಹೇರಿ, ಆಮೇಲೆ ಮನುಷ್ಯರು. ಲೋಡ್ ಟೆಸ್ಟ್ ಆಗದ ಮಂಡಿಯನ್ನು ನಂಬಿ ಮೇಲಿನವರೆಗೆ ಹೋಗುವುದು ಹೇಗೆ?

ಮಾರ್ಚ್ 25, ಸಂಜೆ

ಮಗಳು ಆಫೀಸಿಗೆ ಹೋಗಿದ್ದಳು. ಕೋಲು ಗೋಡೆಗೆ ಒರಗಿಸಿ, ತುಂಬಿದ ಬಕೆಟ್ ಹಿಡಿದು ಹತ್ತಿದೆ. ನಾಲ್ಕನೇ ಮೆಟ್ಟಿಲಿಗೆ ಮಂಡಿ ಕೈಕೊಟ್ಟಿತು. ಬಕೆಟ್ ಢಣಢಣ ಉರುಳಿತು. ನಾನು ಕಂಬಿ ಹಿಡಿದು ಕುಸಿದು ಕೂತೆ, ಪುಣ್ಯಕ್ಕೆ ಬೀಳಲಿಲ್ಲ. ಮಂಡಿ ಈಗ ಕುಂಬಳಕಾಯಿ.

"ಲೋಡ್ ಟೆಸ್ಟಾ?" ಥೆರಪಿ ಮೇಡಂ ಹಣೆ ಚಚ್ಚಿಕೊಂಡರು. "ಲಿಫ್ಟಿಗೆ ಗಾಯ ಮಾಯ್ಬೇಕಾಗಿಲ್ಲ ಅಂಕಲ್. ನಿಮಗೆ ಮಾಯ್ಬೇಕು!"

ಎರಡು ವಾರ ಮೆಟ್ಟಿಲು ಬಂದ್.

ಮಗಳು ಬೈಯಲಿಲ್ಲ. ಚೆಲ್ಲಿದ ನೀರು ಒರೆಸುತ್ತ, ತಲೆಯೆತ್ತದೆ ಕೇಳಿದಳು. "ಬೇಕಂತ್ಲೇ ಮಾಡ್ಕೊಂಡ್ಯಾ ಅಪ್ಪಾ?"

ಇಲ್ಲ ಅಂದೆ. ಇಲ್ಲವೆಂದೇ ಅನ್ನಿಸುತ್ತದೆ. ಆದರೆ ಎರಡು ವಾರ ಅಂದಾಗ ಎದೆ ಹಗುರಾದದ್ದು ಸುಳ್ಳಲ್ಲ.

ಏಪ್ರಿಲ್ 14

ಊತ ಇಳಿದಿದೆ. ಮಗಳು ಕೋಣೆಯ ಮಾತೇ ಎತ್ತುತ್ತಿಲ್ಲ. ಸೋಫಾದಲ್ಲಿ ಮುದುಡಿ ಮಲಗಿ, ಬೆಳಿಗ್ಗೆ ಕತ್ತು ಹಿಡಿದುಕೊಂಡು ಏಳುತ್ತಾಳೆ. "ಏನೂ ಇಲ್ಲಪ್ಪ, ಉಳುಕಿದೆ ಅಷ್ಟೆ" ಅನ್ನುತ್ತಾಳೆ. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 16, ಹನ್ನೊಂದು ಗಂಟೆ

ಹತ್ತಿದೆ. ಭಾರವಿಲ್ಲ, ಕೋಲು ಮಾತ್ರ. ಡೈರಿ ಜೇಬಿನಲ್ಲಿ, ಅದು ಲೆಕ್ಕಕ್ಕಿಲ್ಲ. ಬಲಗಾಲು, ಹಿಂದೆಯೇ ಎಡಗಾಲು. ಮಗಳು ಕೆಳಗೆ ನಿಂತಿದ್ದಳು.

"ಹಿಡ್ಕೊಳ್ಲಾ?"

"ಬೇಡ. ಅಲ್ಲೇ ನಿಂತಿರು."

ಬೀಗ ಸುಮಾರು ಹೊತ್ತು ಸತಾಯಿಸಿತು. ಒಳಗೆ ಧೂಳು, ಅದರಡಿ ಮೆಷಿನ್ ಎಣ್ಣೆಯ ವಾಸನೆ. ನಾನೇ ಕೆಲಸದಿಂದ ತಂದುಕೊಡುತ್ತಿದ್ದ ಎಣ್ಣೆ. ಹೊಲಿಗೆ ಮೆಷಿನ್ ಕಿಟಕಿಯ ಕೆಳಗೇ ಇದೆ. ಅದರ ಮೇಲೆ ನನ್ನ ಕೆಲಸದ ಪ್ಯಾಂಟ್. ಬಲಮಂಡಿಗೆ ತೇಪೆ ಬಿದ್ದಿದೆ. ಎಡಮಂಡಿಯದು ಮೂರು ಅಂಚು ಮುಗಿದಿದೆ. ನಾಲ್ಕನೆಯದರಲ್ಲಿ ಸೂಜಿ ಬಟ್ಟೆಯೊಳಗೇ ನಿಂತಿದೆ.

"ಅಪ್ಪಾ, ಸದ್ದೇ ಇಲ್ವಲ್ಲ! ಬರ್ಲಾ?"

"ಬಾರಮ್ಮ. ಬರ್ತಾ ಎಣ್ಣೆ ಡಬ್ಬಿ ತಗೊಂಡು ಬಾ."

ಕೆಳಗೆ ಕಪಾಟು ಹುಡುಕುತ್ತಿದ್ದಾಳೆ, ಸದ್ದು ಕೇಳುತ್ತಿದೆ. ಮೆಷಿನ್ ಮುಂದೆ, ಅವಳಮ್ಮನ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಎಡಗಾಲು ಪೆಡಲ್ ಮೇಲಿದೆ. ಮೊದಲು ಖಾಲಿ ಓಡಿಸಬೇಕು, ರೂಲ್ ಈಸ್ ರೂಲ್. ಆದರೆ ಬಟ್ಟೆ ತೆಗೆಯಲು ಮನಸ್ಸಿಲ್ಲ. ಮೆಲ್ಲಗೆ ಒತ್ತಿದೆ. ಚಕ್ರ ಗೊರ್ ಅಂದಿತು. ಮಂಡಿ ಬಗ್ಗಿತು. ಸೂಜಿ ಅಲುಗಾಡಿ, ಮೇಲೆದ್ದು, ನಿಂತಲ್ಲಿಂದ ಒಂದು ಹೊಲಿಗೆ ಮುಂದೆ ಇಳಿಯಿತು.