ಮೊಸರನ್ನಕ್ಕೆ ಮುಂಚೆ

ವಿಶಾಖಪಟ್ಟಣ
ಬುಧವಾರ

ಅಪ್ಪನಿಗೆ ಹರಿಣಿಯ ನಮಸ್ಕಾರ.

ಫೋನ್ ಕೊಟ್ಟರೆ ನೀವು ಮುಖ ತಿರುಗಿಸುತ್ತೀರಂತೆ. ಅದಕ್ಕೇ ಈ ಪತ್ರ. ಅಮ್ಮ ಓದಿ ಹೇಳುತ್ತಾಳೆ, ಮಧ್ಯೆ ಕೈ ಬೀಸಿ ನಿಲ್ಲಿಸಬೇಡಿ.

ನೀವೇ ಮಾಡಿದ ಕಾನೂನು ನೆನಪಿದೆಯಲ್ಲ? ರಾತ್ರಿ ಊಟದಲ್ಲಿ ವಿಜ್ಞಾನವೋ ಸಂಗೀತವೋ ಪೇಪರಿನ ಸುದ್ದಿಯೋ, ಏನಾದರೊಂದು ಸೋಜಿಗ ಹೇಳದವರಿಗೆ ಮೊಸರನ್ನ ಇಲ್ಲ. ಬಾಳೆಹಣ್ಣಿನಲ್ಲೂ ಚೂರು ವಿಕಿರಣ ಇದೆ ಎಂದು ನೀವು ಹೇಳಿದ ಮೇಲೆ ನಾನು ವಾರವಿಡೀ ಬಾಳೆಹಣ್ಣು ಮುಟ್ಟಿರಲಿಲ್ಲ. ಅಮ್ಮ ಮಾತ್ರ ಪೇಪರು ನೋಡಿ ಅನಕಾಪಲ್ಲಿಯ ಬೆಲ್ಲದ ದರ ಹೇಳಿ ಪಾರಾಗುತ್ತಿದ್ದಳು.

ಈಗ ನನ್ನ ಸೋಜಿಗ ಕೇಳಿ. ನಿಮ್ಮ ಹಾಗೆ ಪಾರ್ಶ್ವವಾಯು ಬಡಿದು ಮಾತು ನಿಂತವರಲ್ಲೂ ಕೆಲವರು ಹಾಡಬಲ್ಲರಂತೆ. ಮಾತಿಗೆ ಹೆಚ್ಚಾಗಿ ಮಿದುಳಿನ ಎಡಭಾಗ ಬೇಕು. ರಾಗಕ್ಕೆ ಬಲಭಾಗವೂ ಕೈಜೋಡಿಸುತ್ತದೆ. ಇದು ಬರೀ ಓದಿದ್ದಲ್ಲ. ನಿನ್ನೆ ಅಮ್ಮ ಹೇಳಿದಳು: "ನೀರು ಅಂತ ಹೇಳೋಕೆ ಬರ್ದೆ ಲೋಟ ಎಸೆದ್ರು ಕಣೆ. ಆಮೇಲೆ ರೇಡಿಯೋದಲ್ಲಿ ದೇವರನಾಮ ಬಂತು, ಜೊತೇಲಿ ಪೂರ್ತಿ ಹಾಡ್ಬಿಟ್ರು!"

ಇಲ್ಲಿನ ಡಾಕ್ಟರನ್ನು ಕೇಳಿದೆ. ಹಾಡಿಸಿಯೇ ಮಾತು ಕಲಿಸಲು ನೋಡಬಹುದು, ಆದರೆ ತುಂಬಾ ದಿನ ಹಿಡಿಯುತ್ತದೆ ಎಂದರು. ಹಿಡಿಯಲಿ. ಅಮ್ಮ, ಶ್ರುತಿಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿಡು. "ನೀರು ಬೇಕು" ಎಂಬುದನ್ನು ಮೋಹನ ರಾಗದಲ್ಲಿ ಕೂರಿಸಿದ್ದೇನೆ. ನಗಬೇಡಿ.

ಶನಿವಾರ ಮಧ್ಯಾಹ್ನದ ರೈಲಿಗೆ ವಿಜಯವಾಡಕ್ಕೆ ಹೊರಡುತ್ತೇನೆ. ಊಟಕ್ಕೆ ಕೂತಾಗ ಮೊದಲ ಸರದಿ ನಿಮ್ಮದೇ. ಹಾಡಿಯೇ ಹೇಳಿ, ಬೆಲ್ಲದ ದರವಾದರೂ ಪರವಾಗಿಲ್ಲ. ನೀವು ಹೇಳುವವರೆಗೆ ಮೊಸರಿನ ಪಾತ್ರೆ ನನ್ನ ಹತ್ತಿರವೇ ಇರುತ್ತದೆ.

ನಿಮ್ಮಷ್ಟೇ ಹಟಮಾರಿ ಮಗಳು,
ಹರಿಣಿ