ಬೆನ್ನು ತಟ್ಟಿದ ಕೈ

ಭಾನುವಾರ, ಮಧ್ಯಾಹ್ನ

ಸಭೆಯವರಿಗೆಲ್ಲ ಪ್ರೀತಿಯ ಸಹೋದರರೂ ನನಗೊಬ್ಬಳಿಗೆ ಗಂಡನೂ ಆದ ನಿಮಗೆ ವಂದನೆಗಳು.

ನಿಮ್ಮ ಪತ್ರ ಬಂತು. ಕಾಲಿನ ಮೂಳೆ ಕೂಡಿಕೊಂಡು ಕೋಲಿಲ್ಲದೆ ನಡೆಯುತ್ತಿದ್ದೀರಿ ಎಂದು ಓದಿ ಸಂತೋಷವಾಯಿತು. ಬಾಯಿಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಆಯಿತು. ಮುಂದಿನ ಭಾನುವಾರ ಪಾಸ್ಟರು ನಿಮ್ಮ ತಲೆಯ ಮೇಲೆ ಕೈಯಿಟ್ಟು ಸಭೆಯ ಸೇವೆಗೆ ನೇಮಿಸುತ್ತಾರಂತೆ. ಆಗ ನಾನು ಪಕ್ಕದಲ್ಲಿ ನಿಂತು ನಿಮ್ಮ ಸಾಕ್ಷಿಗೆ ಹೌದು ಅನ್ನಬೇಕಂತೆ. ನಾನು ಅಮ್ಮನ ಮನೆ ಸೇರಿ ಇಷ್ಟು ದಿನವಾದರೂ ಯಾಕೆ ಹೋದೆ ಅಂತ ಒಂದು ಮಾತು ಕೇಳದವರು, ವೇದಿಕೆಗೆ ಬಾ ಅಂತ ಹಾಳೆಗಟ್ಟಲೆ ಬರೆದಿದ್ದೀರಿ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಕಳೆದ ವಾರ ನೀವು ಸಾಕ್ಷಿ ಹೇಳಿದಾಗ ನಾನು ಬಂದಿದ್ದೆ. ಹಿಂದಿನ ಬೆಂಚಿನಲ್ಲಿ ಕಂಬದ ಮರೆಗೆ ಕೂತಿದ್ದೆ. ಸತ್ತ ನನ್ನ ತಮ್ಮನ ಹೆಂಡತಿಯೂ ಜೊತೆಗಿದ್ದಳು. ಮನೆಯಲ್ಲಿ ಒಂದು ಲೋಟ ನೀರು ಕೇಳುವುದಕ್ಕೂ ಗೊಣಗುತ್ತಿದ್ದವರು ಎಷ್ಟು ಚೆನ್ನಾಗಿ ಮಾತಾಡುತ್ತೀರಿ! ದೊಡ್ಡ ಕಟ್ಟಡದ ಹೊರಗೋಡೆಗೆ ಬಣ್ಣ ಬಳಿಯುತ್ತಿದ್ದಾಗ ಹಗ್ಗ ಜಾರಿತು, ನಿಂತಿದ್ದ ಕಬ್ಬಿಣದ ತೊಟ್ಟಿಲು ವಾಲಿತು, ಕಾಲು ಗೋಡೆಗೆ ಬಡಿದು ಮುರಿದರೂ ಕಾಣದ ಕೈಯೊಂದು ನಿಮ್ಮ ಬೆನ್ನು ಹಿಡಿದು ಗಾಳಿಯಲ್ಲಿ ನಿಲ್ಲಿಸಿತು ಅಂದಿರಿ. ಜನ ಕಣ್ಣೊರೆಸಿಕೊಂಡರು. ಜೊತೆಯಲ್ಲಿದ್ದವನು ಬೆಲ್ಟಿನ ಕೊಕ್ಕೆ ಹಾಕಿಕೊಳ್ಳದೆ ಮೈಮರೆತ, ಹೋಗಿಬಿಟ್ಟ ಅಂದಿರಿ. ಜೊತೆಯಲ್ಲಿದ್ದವನು! ಹೆಂಡತಿಯ ತಮ್ಮ ಅನ್ನುವುದಕ್ಕೂ ನಾಲಿಗೆ ಹೊರಳಲಿಲ್ಲ. ಅವನ ಹೆಂಡತಿ ತಲೆ ತಗ್ಗಿಸಿ ಆಮೆನ್ ಅಂದಳು. ಆವತ್ತಿನಿಂದ ಅವಳು, ತನ್ನ ಮಗಳು ಶೂ ದಾರ ಸರಿಯಾಗಿ ಕಟ್ಟಿಕೊಳ್ಳದಿದ್ದರೂ, ಅಪ್ಪನ ಹಾಗೆ ಮೈಮರೀಬೇಡ್ವೇ ಅಂತ ಬೈಯುತ್ತಾಳೆ. ನಾನು ಅದನ್ನು ಕೇಳುತ್ತ ಒಳಗೆ ಪಾತ್ರೆ ತೊಳೆಯುತ್ತಿರುತ್ತೇನೆ.

ಅದು ಕಾಣದ ಕೈಯಲ್ಲ ರೀ. ಹೆಬ್ಬೆರಳ ಉಗುರಿನ ಸಂದಿಯಲ್ಲಿ ಯಾವಾಗಲೂ ಬಣ್ಣ ಕೂತಿರುತ್ತಿದ್ದ ಕೈ. ಚಿಕ್ಕಂದಿನಲ್ಲಿ ನನ್ನ ಜಡೆ ಎಳೆದು ಓಡಿಹೋಗುತ್ತಿದ್ದ ಕೈ.

ನಿಮ್ಮ ಕೆಲಸವನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಆದರೆ ಮೈಕು ಸಿಕ್ಕಮೇಲೆ ಮರೆತ ಹಾಗಿದೆ, ಅದಕ್ಕೆ ಬರೆಯುತ್ತೇನೆ. ಬೆಲ್ಟಿನ ಕೊಕ್ಕೆ ಇರುವುದು ಬೆನ್ನಿನ ಹಿಂದೆ, ತನ್ನದು ತನ್ನ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಒಬ್ಬರದನ್ನು ಇನ್ನೊಬ್ಬರು, ಮಹಡಿಯಿಂದ ಬೇರೆಯಾಗಿ ಇಳಿಬಿಟ್ಟ ಹಗ್ಗಕ್ಕೆ ಸಿಕ್ಕಿಸಿ, ಜಗ್ಗಿ ನೋಡಿ, ಬೆನ್ನು ತಟ್ಟಬೇಕು. ತಟ್ಟಿದರೆ ಆಯಿತು ಅಂತ ಲೆಕ್ಕ. ಆಮೇಲೆ ಯಾರಾದರೂ ಕೈ ಹಿಂದೆ ಹಾಕಿ ತಡವಿ ನೋಡಿದರೆ, ನಂಬಿಕೆಯಿಲ್ಲದವನು ಅಂತ ಎಲ್ಲರೂ ಸೇರಿ ಗೇಲಿ ಮಾಡುತ್ತಿದ್ದಿರಿ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ದಿನ ನನ್ನ ಕೈ ಹಿಡಿದುಕೊಂಡು ಹೇಳಿದವರು ನೀವೇ. ಆ ಬೆಳಿಗ್ಗೆ ನಿಮಗೆ ಹಿಂದಿನ ದಿನ ಕುಡಿದದ್ದು ಇಳಿದಿರಲಿಲ್ಲ. ಭಾವ, ಇವತ್ತು ಹತ್ಬೇಡಿ, ಬಾಯಿ ಇನ್ನೂ ನಾರ್ತಿದೆ ಅಂತ ಅವನು ನಾಲ್ಕು ಜನರೆದುರು ಅಂದುಬಿಟ್ಟ. ನಿಮಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಮಾತಿಗೆ ಮಾತು ಬೆಳೆಯಿತು. ನೀವು ಕೇಳುವುದಿಲ್ಲ ಅಂತ ಗೊತ್ತಾದ ಮೇಲೆ ಅವನು ನಿಮ್ಮ ಕೊಕ್ಕೆ ಹಾಕಿದ, ಜಗ್ಗಿದ, ಬೆನ್ನು ತಟ್ಟಿದ. ಆಮೇಲೆ ತನ್ನ ಬೆನ್ನು ತಿರುಗಿಸಿ ನಿಂತ. ನೀವು ಕೊಕ್ಕೆ ಮುಟ್ಟಲಿಲ್ಲ. ನಂಗೇ ಬುದ್ಧಿ ಹೇಳ್ತೀಯಾ ಅಂತ ಮನಸ್ಸಿನಲ್ಲೇ ಅಂದುಕೊಂಡು, ಸಿಟ್ಟು ತಡೆಯದೆ ಅವನ ಬೆನ್ನಿಗೆ ಒಂದು ಬಾರಿಸಿದಿರಿ. ಅವನು ನಕ್ಕನಂತೆ. ಭಾವ ಕೊಕ್ಕೆ ಹಾಕಿ ತಟ್ಟಿದರು, ಕೋಪವೂ ಇಳಿಯಿತು ಅಂದುಕೊಂಡು ನೇರ ತೊಟ್ಟಿಲಿಗೆ ಇಳಿದನಂತೆ. ತೊಟ್ಟಿಲಿಗೆ ಇಳಿದ್ಮೇಲೆ ಹಾಕಿದ್ರಾಯ್ತು ಅಂದ್ಕೊಂಡೆ ಕಣೇ ಅಂತ ನೀವು ಗೋಳೋ ಅಂತ ಅತ್ತಿರಿ. ನಾನು ನಿಮ್ಮ ತಲೆ ನೇವರಿಸಿದೆ. ಆ ಕ್ಷಣಕ್ಕೆ ನಾನು ನಿಮ್ಮ ಹೆಂಡತಿ ಮಾತ್ರ ಆಗಿದ್ದೆ.

ಆಮೇಲೆ ನೀವು ಕುಡಿತ ಬಿಟ್ಟಿರಿ. ಮೊಣಕಾಲೂರಿ ಪ್ರಾರ್ಥಿಸುವುದನ್ನು ಕಲಿತಿರಿ. ಆಸ್ಪತ್ರೆಯಿಂದ ಹೊರಟು ಸಭೆಯ ಹಿಂದಿನ ಕೋಣೆ ಸೇರಿ, ದಿಕ್ಕಿಲ್ಲದವರಿಗೆ ಅನ್ನ ಬಡಿಸುತ್ತಿದ್ದೀರಿ. ನೀವು ಡೋಂಗಿ ಅಲ್ಲ. ಡೋಂಗಿಯಾಗಿದ್ದರೆ ಎರಡು ಬೈದು ಮರೆತುಬಿಡುತ್ತಿದ್ದೆ. ಯೇಸು ನಿಮ್ಮ ಬಳಿಗೆ ಬಂದದ್ದು ನಿಜ, ನೀವು ಅವನಿಗೂ ಅರ್ಧವೇ ಹೇಳಿದ್ದೀರಿ ಅನ್ನುವುದು ನನ್ನ ಹೊಟ್ಟೆಯುರಿ.

ತಮ್ಮನನ್ನು ಮಣ್ಣಿಗಿಟ್ಟ ದಿನ, ಇದು ದೇವರ ಚಿತ್ತ ಅಂತ ಪಾಸ್ಟರು ಅಂದಾಗ ನಾನು ಪ್ರಾರ್ಥನೆ ಬಿಟ್ಟೆ. ಈಗ ಮತ್ತೆ ಶುರುಮಾಡಿದ್ದೇನೆ. ಅದು ಹೆಚ್ಚುಕಡಿಮೆ ಜಗಳವೇ, ಆದರೂ ದಿನವೂ ಮಾಡುತ್ತೇನೆ. ದೇವರು ನಿಮ್ಮನ್ನು ಉಳಿಸಿದ ಅಂತ ನಾನೂ ನಂಬುತ್ತೇನೆ. ಯಾಕೆ ಅನ್ನುವುದರಲ್ಲಿ ಮಾತ್ರ ನಮಗೆ ಹೊಂದುವುದಿಲ್ಲ. ಕೊಕ್ಕೆ ಹಾಕಿಲ್ಲ ಅನ್ನುವುದು ಆವತ್ತು ನನ್ನ ತಮ್ಮನಿಗೂ ಗೊತ್ತಿರಲಿಲ್ಲ, ಗೊತ್ತಿದ್ದದ್ದು ನಿಮಗೊಬ್ಬರಿಗೇ. ಅದನ್ನು ಹೇಳಲೆಂದೇ ದೇವರು ಆ ಬಾಯಿಯನ್ನು ಉಳಿಸಿಕೊಂಡ. ಉಪದೇಶ ಮಾಡುವ ಬಾಯಿಗಳು ಅವನಿಗೆ ಬೇಕಾದಷ್ಟು ಸಿಗುತ್ತವೆ.

ವೇದಿಕೆಯ ಮೇಲೆ ಹೇಳಿ ಅಂತ ನಾನು ಕೇಳುತ್ತಿಲ್ಲ. ಭಾನುವಾರಕ್ಕೆ ಮೊದಲು ಇಲ್ಲಿಗೆ ಬನ್ನಿ. ಅಡುಗೆಮನೆಯಲ್ಲಿ ಕೂತು ಅವನ ಹೆಂಡತಿಗೆ ಹೇಳಿ, ಮಗಳನ್ನೂ ಕೂರಿಸಿಕೊಂಡು ಹೇಳಿ. ನಾನೇ ಹೇಳಬಹುದಿತ್ತು. ನಾನು ಹೇಳಿದರೆ ಅದು ಚಾಡಿಯಾಗುತ್ತದೆ, ನೀವು ಹೇಳಿದರೆ ಸಾಕ್ಷಿ. ಅವಳು ಬೈಯಬಹುದು, ಕೈಗೆ ಸಿಕ್ಕಿದ್ದರಲ್ಲಿ ಹೊಡೆಯಲೂಬಹುದು. ನಾನು ಅಡ್ಡ ಬರುವುದಿಲ್ಲ. ಅದಾದ ಮೇಲೆ ನಿಮ್ಮ ಪಕ್ಕದಲ್ಲಿ ನಿಲ್ಲುತ್ತೇನೆ, ಸಭೆಯಲ್ಲಾದರೂ ಸರಿ, ಪೊಲೀಸ್ ಠಾಣೆಯಲ್ಲಾದರೂ ಸರಿ.

ಇನ್ನೂ ನಿಮ್ಮ ಹೆಂಡತಿ,
ಎಂದೆಂದಿಗೂ ಅವನ ಅಕ್ಕ

ಮರೆತಿದ್ದೆ: ನಾನು ಕೆಲಸಕ್ಕೆ ಸೇರಿದ್ದೇನೆ, ಅದೇ ಕಟ್ಟಡದಲ್ಲಿ. ಹೆಂಗಸಿಗೇನು ಕೆಲಸ ಇಲ್ಲಿ ಅಂತ ಮೇಸ್ತ್ರಿ ಮೊದಲು ನಕ್ಕರು, ಈಗ ನಗುವುದಿಲ್ಲ. ಮಹಡಿಯ ಮೇಲೆ ನಿಂತು, ಇಳಿಯುವ ಪ್ರತಿಯೊಬ್ಬನ ಕೊಕ್ಕೆಯನ್ನೂ ನಾನೇ ಹಾಕಿ, ಮನಸ್ಸಿನಲ್ಲೇ ಕರ್ತನ ಹೆಸರು ಹೇಳಿ ಜಗ್ಗಿ ನೋಡುತ್ತೇನೆ. ನಾನು ಉಳಿದಿರುವುದು ಇದಕ್ಕೇ ಅನ್ನಿಸಿದೆ. ನೀವು ಎಂದಾದರೂ ಮತ್ತೆ ಕೆಲಸಕ್ಕೆ ಬಂದರೆ ನಿಮ್ಮದನ್ನೂ ನಾನೇ ಹಾಕುತ್ತೇನೆ, ಭಯಪಡಬೇಡಿ. ಬೆನ್ನು ಮಾತ್ರ ತಟ್ಟುವುದಿಲ್ಲ.