ಬೆನ್ನ ಹಿಂದಿನ ಬೆಟ್ಟ

ಸೆಸ್‌ಫಾಂಟೇನ್
೧೭ ಮೇ ೨೦೦೯

ಗೊತ್ಲೀಬ್‌ಗೆ,

‘ಪ್ರೀತಿಯ’ ಎಂದು ಬರೆಯಲು ಹೋಗಿ ಕೈ ತಡೆಯಿತು. ಹೆಸರೊಂದೇ ಸಾಕು. ನೀನು ಹೆಂಡತಿ, ಮನೆ ಬಿಟ್ಟು ಮೂರು ವರ್ಷವಾದ ಮೇಲೆ ನಿನ್ನಿಂದ ಬಂದ ಮೊದಲ ಕಾಗದ ಅದು. ನಾನು ಹೇಗಿದ್ದೇನೆ ಎಂದು ಕೇಳುವುದಕ್ಕೆ ಒಂದು ಸಾಲು, ಆಗಸ್ಟ್‌ನಲ್ಲಿ ಕ್ಯಾಮೆರಾ ಹಿಡಿದು ಬರುವ ನಿನ್ನ ಆರು ಜನ ಅತಿಥಿಗಳಿಗೆ ಎರಡು ಪುಟ. ಹದಿನಾಲ್ಕು ದಿನದಲ್ಲಿ ಮರಳು, ಸಮುದ್ರ, ಕಲ್ಲುಬೆಟ್ಟ, ಆನೆ, ಸಿಂಹ ಎಲ್ಲವೂ ಸಿಗುವ ಹಾಗೆ ನಾನು ಯೋಜನೆ ಹಾಕಿಕೊಡಬೇಕಂತೆ. ಯಾವ ಹೊತ್ತಿಗೆ ಎಲ್ಲಿ ಬೆಳಕು ಬೀಳುತ್ತದೆ ಎಂದು ನನ್ನಷ್ಟು ಬಲ್ಲವರಿಲ್ಲವಂತೆ. ಹೊಗಳಿಕೆಗೆ ಉಬ್ಬುವ ವಯಸ್ಸು ನನಗೆ ದಾಟಿದೆ. ಆದರೂ ಹಾಕಿದ್ದೇನೆ.

ಮೊದಲ ದಿನವೇ ವಿಂಡ್‌ಹುಕ್ ಬಿಟ್ಟು ದಕ್ಷಿಣಕ್ಕೆ ಹೊರಡು. ಸೋಸುಸ್‌ಫ್ಲೇಯಲ್ಲಿ ಉದ್ಯಾನದ ಗೇಟಿನ ಒಳಗೇ ಡೇರೆ ಹಾಕಿಸು. ಹೊರಗೆ ತಂಗಿದವರನ್ನು ತಡವಾಗಿ ಬಿಡುತ್ತಾರೆ, ಅಷ್ಟರಲ್ಲಿ ಮರಳುದಿಬ್ಬದ ನೆರಳು ಕರಗಿರುತ್ತದೆ. ಮೂಡಣ ಗಾಳಿ ಎದ್ದ ದಿನ ಕ್ಯಾಮೆರಾ ಚೀಲದಲ್ಲೇ ಇರಲಿ, ನಿನ್ನ ಮೊದಲ ಕ್ಯಾಮೆರಾ ಮರಳು ತಿಂದೇ ಸತ್ತಿತು. ನಾಲ್ಕನೆಯ ದಿನದಿಂದ ಕರಾವಳಿ. ವಾಲ್ವಿಸ್ ಕೊಲ್ಲಿಯಲ್ಲಿ ಬೆಳಗ್ಗೆ ಮಂಜು ಬಿಡುವುದಿಲ್ಲ. ಮಧ್ಯಾಹ್ನ ನೀರು ಇಳಿದಾಗ ರಾಜಹಂಸಗಳ ಹತ್ತಿರ ಹೋಗು. ಸೀಲ್‌ಗಳ ದಂಡೆಗೆ ಹೋಗುವ ದಿನ ಯಾರಿಗೂ ತಿಂಡಿ ಕೊಡಬೇಡ. ಆ ನಾತಕ್ಕೆ ನೀನು ವಾಂತಿ ಮಾಡಿಕೊಂಡು ನನ್ನ ಹೊಸ ಶಾಲಿನಲ್ಲಿ ಬಾಯಿ ಒರೆಸಿಕೊಂಡದ್ದನ್ನು ನಾನು ಮರೆತಿಲ್ಲ. ಏಳು, ಎಂಟನೆಯ ದಿನ ಹೋವಾನಿಬ್‌ನ ಒಣ ಹೊಳೆಯಲ್ಲಿ ಆನೆಗಳು. ಹತ್ತರಿಂದ ಎಟೋಶಾ ಅಭಯಾರಣ್ಯ. ಅಲ್ಲಿ ಸಿಂಹದ ಹಿಂದೆ ಕಾರು ಓಡಿಸುವ ಚಾಳಿ ಬಿಡು. ಒಂದು ನೀರಹೊಂಡದ ಮುಂದೆ ಕೂತುಕೋ, ಬಾಯಾರಿದ್ದು ತಾನಾಗಿ ಬರುತ್ತದೆ.

ಒಂಬತ್ತನೆಯ ದಿನವನ್ನು ಖಾಲಿ ಬಿಟ್ಟಿದ್ದೇನೆ. ನಿನ್ನ ಕಾಗದದಲ್ಲಿ ಆ ದಿನದ ಮುಂದೆ, ಖಡ್ಗಮೃಗ, ಕಾಲ್ನಡಿಗೆ, ಜಾಡು ಹಿಡಿಯಲು ಹಿಸ್ಕಿಯಾ ಎಂದು ಬರೆದಿದ್ದೀಯ. ನನ್ನ ಅಣ್ಣನ ಹೆಸರು ಬರೆಯುವಾಗ ನಿನ್ನ ಪೆನ್ನು ಒಂದಿಷ್ಟೂ ತಡವರಿಸಿಲ್ಲ.

ಕಾಗದವನ್ನು ಅವನಿಗೆ ಓದಿ ಹೇಳಿದೆ, ಅದೇ ನನ್ನ ತಪ್ಪು. ಕತ್ತೆಗಾಡಿಯ ಚಕ್ರ ಬಿಚ್ಚುತ್ತಿದ್ದವನು ಎದ್ದು ನಿಂತ. “ನನ್ನನ್ನೇ ಕೇಳಿದ್ದಾನಾ? ಹೆಸ್ರು ಹಿಡಿದು ಬರ್ದಿದ್ದಾನಾ? ಇನ್ನೊಂದ್ಸಲ ಓದು” ಅಂದ. ಮೂರು ಸಲ ಓದಿಸಿದ. ಮರುದಿನ ಹಳೆಯ ಬೂಟಿಗೆ ಆಡಿನ ಕೊಬ್ಬು ತಿಕ್ಕಿ, ಹಾಕಿಕೊಂಡು ಊರೆಲ್ಲ ತಿರುಗಿದ. ಪಕ್ಕದ ಮನೆಯ ಮುದುಕಿ ಯೊಹಾನ್ನಾ ಬೇಲಿಯಾಚೆಯಿಂದ ಕೇಳಿದಳು: “ಏನೋ ಹಿಸ್ಕಿಯಾ, ಮತ್ತೆ ಬೆಟ್ಟಕ್ಕಾ? ಈ ಸಲ ಯಾರಿಗೆ ಮಾರ್ತೀಯಾ?” ಅಣ್ಣ ನಗುತ್ತಲೇ ಒಳಗೆ ಬಂದ. ಬಡಿಸಿದ ಮಾಂಸ ಮುಟ್ಟಲಿಲ್ಲ.

ಊರು ಅವನನ್ನು ಹೀಗೆ ಆಡಿಕೊಳ್ಳುವುದು ಯಾಕೆಂದು ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ನಿನ್ನ ಕಣ್ಣಿಂದಲೇ ಓದು. ಜಾಡು ಹಿಡಿಯುವ ನಮ್ಮವರಲ್ಲಿ ಒಂದು ಕಟ್ಟಳೆ ಇದೆ. ಖಡ್ಗಮೃಗದ ಚಿತ್ರ ತೆಗೆಯುವವನು ಅದಕ್ಕಿಂತ ಎತ್ತರದಲ್ಲಿ ನಿಂತು ತೆಗೆಯಬೇಕು, ಚಿತ್ರದಲ್ಲಿ ಬರೀ ನೆಲ ಕಾಣಬೇಕು. ಬೆನ್ನ ಹಿಂದೆ ಬೆಟ್ಟ ಕಾಣಬಾರದು. ಈ ಸೀಮೆಯಲ್ಲಿ ಆಡು ಮೇಯಿಸಿದವನಿಗೆ ಒಂದು ಬೆಟ್ಟದ ಅಂಚು ಕಂಡರೆ ಸಾಕು, ಜಾಗ ಹೇಳುತ್ತಾನೆ. ನನ್ನ ಅಪ್ಪ ನಿನ್ನನ್ನು ಮೊದಲ ಸಲ ಕರೆದುಕೊಂಡು ಹೋದಾಗ ಇದನ್ನೇ ಹೇಳಿದ್ದ.

ನೀನು ಆ ಹೆಣ್ಣು ಖಡ್ಗಮೃಗ ಕಿವಿಹರುಕಿಯನ್ನೂ ಅದರ ಮರಿಯನ್ನೂ ಕೆಳಗಿನಿಂದ ತೆಗೆದೆ. ಹಿಂದೆ ಎರಡು ಹಲ್ಲಿನ ಬೆಟ್ಟ ಅಚ್ಚುಕಟ್ಟಾಗಿ ನಿಂತಿತ್ತು. ಅದು ನಿನ್ನ ಪ್ರವಾಸದ ಪುಸ್ತಿಕೆಯಲ್ಲಿ ಅಚ್ಚಾಯಿತು, ದೂರದ ಪೇಟೆಗಳನ್ನೆಲ್ಲ ಸುತ್ತಿತು, ನಮ್ಮ ಊರಿನವರ ಕಣ್ಣಿಗೆ ಮಾತ್ರ ಬೀಳಲಿಲ್ಲ. ಎರಡೇ ತಿಂಗಳಲ್ಲಿ ಕಿವಿಹರುಕಿ ಸತ್ತುಬಿದ್ದಿತ್ತು, ಮುಖದಲ್ಲಿ ಕೊಂಬಿರಲಿಲ್ಲ. ಮರಿ ಮೂರು ದಿನ ತಾಯಿಯ ಪಕ್ಕ ನಿಂತು ಸತ್ತಿತು. ಆ ವಾರ ಆ ಕಡೆ ಕಾವಲು ತಿರುಗಿದ್ದವನು ಅಣ್ಣನೊಬ್ಬನೇ. ಸಂರಕ್ಷಣಾ ಸಂಘದವರು ಮುಳ್ಳುಮರದ ಕೆಳಗೆ ಸಭೆ ಸೇರಿ, ಕಳ್ಳಬೇಟೆಯವರಿಗೆ ಜಾಗ ಮಾರಿದವನು ಅವನೇ ಎಂದು ಅವನ ಸಮವಸ್ತ್ರ, ದುರ್ಬೀನು ಎರಡನ್ನೂ ಕಿತ್ತುಕೊಂಡರು.

ಹೆಣ ನೋಡಲು ಅಣ್ಣನ ಜೊತೆ ಹೋದಾಗ ಕಲ್ಲಿನ ಸಂದಿಯಲ್ಲಿ ನನಗೆ ಒಂದು ಹಾಳೆ ಸಿಕ್ಕಿತು. ನಿನ್ನ ಪುಸ್ತಿಕೆಯಿಂದ ಹರಿದ ಪುಟ, ಬೆಟ್ಟದ ಸುತ್ತ ಪೆನ್ಸಿಲಿನ ಗೆರೆ. ಅಣ್ಣನಿಗೆ ಕಾಣದಂತೆ ರವಿಕೆಯೊಳಗೆ ಸೇರಿಸಿ ತಂದು ನಿನ್ನ ಮುಂದೆ ಇಟ್ಟೆ. ನೀನು ಅದನ್ನು ಬೆಳಕಿಗೆ ಹಿಡಿದು ನೋಡಿದೆ. “ನನ್ನ ಕೈಯಿಂದ್ಲೇ ಆಗಿದೆ ಒಟ್ಟಿಲಿ. ಆ ಚಿತ್ರ ಅಚ್ಚಿಗೆ ಹೇಗೆ ಸೇರ್‍ತೋ ಗೊತ್ತಿಲ್ಲ. ಈಗ ಬಾಯಿ ಬಿಟ್ರೆ ಇಬ್ರೂ ಬೀದಿಪಾಲು” ಅಂದೆ. ನಾನು ಬಾಯಿ ಬಿಡಲಿಲ್ಲ. ಆದರೆ ಒಂದು ವರ್ಷ, ನೀನು ಬಾಗಿಲು ದಾಟಿ ಹೋಗುವವರೆಗೂ, ಅದನ್ನೇ ಎತ್ತಿ ಎತ್ತಿ ನಿನ್ನನ್ನು ಚುಚ್ಚಿದೆ.

ಈಗ ಕೇಳು. ಸಂಘದ ಅನುಮತಿ ಇಲ್ಲದೆ ಅಣ್ಣ ಯಾರನ್ನೂ ಬೆಟ್ಟಕ್ಕೆ ಕರೆದೊಯ್ಯುವಂತಿಲ್ಲ. ನಿನ್ನ ಒಂಬತ್ತನೆಯ ದಿನವೇ ಅದೇ ಮುಳ್ಳುಮರದ ಕೆಳಗೆ ಸಭೆ ಕರೆಸಿದ್ದೇನೆ. ಅತಿಥಿಗಳನ್ನು ಹೊಳೆಯ ಹತ್ತಿರ ಬಿಟ್ಟು ಒಬ್ಬನೇ ಬಾ. ಎಲ್ಲರೆದುರು ನಿಂತು ಹೇಳು. ಅಣ್ಣನಿಗೆ ಐವತ್ತೆಂಟಾಯಿತು, ಮೊಣಕಾಲು ಸೋಲುತ್ತಿದೆ. ಕಳ್ಳ ಎನಿಸಿಕೊಂಡೇ ಅವನು ಸಾಯುವುದನ್ನು ನಾನು ನೋಡಲಾರೆ.

ಒಟ್ಟಿಲಿ

ಮರೆತ ಮಾತು: ಕಾಗದ ಮಡಿಸಿ ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದು ತೆರೆದೆ. ನೀನು ಸಭೆಗೆ ಬರಬೇಕಾಗಿಲ್ಲ. ಆ ಚಿತ್ರವನ್ನು ನೀನು ನಮ್ಮ ಗೋಡೆಗೆಂದು ತೆಗೆದಿದ್ದೆ. ಅದರ ಬೆನ್ನಿಗೆ ‘ಮನೆಗೆ ಮಾತ್ರ’ ಎಂದು ಬರೆದು ನೀನೇ ಪೆಟ್ಟಿಗೆಯಲ್ಲಿ ಬೇರೆಯಾಗಿ ಇಟ್ಟಿದ್ದೆ. ನೀನು ಅತಿಥಿಗಳ ಜೊತೆ ಹೊಳೆಯ ಕಡೆ ಹೋದ ದಿನ, ಅಚ್ಚಿಗೆ ಹೋಗುವ ಲಕೋಟೆಯಲ್ಲಿ ಅದನ್ನು ಸೇರಿಸಿದವಳು ನಾನು. ಚಿತ್ರದ ಕೆಳಗಿನ ಮೂಲೆಯಲ್ಲಿ ನನ್ನ ನೆರಳು ಬಿದ್ದಿತ್ತು. ನಿನ್ನ ಪುಸ್ತಿಕೆಯಲ್ಲಿ ನನ್ನದೂ ಏನಾದರೊಂದು ಇರಲಿ ಎನಿಸಿತ್ತು. ಕಟ್ಟಳೆ ಹೇಳಿಕೊಟ್ಟವನ ಮಗಳು ನಾನು, ಬೆಟ್ಟ ನನ್ನ ಕಣ್ಣಿಗೂ ಕಂಡಿತ್ತು. ಸಭೆಯಲ್ಲಿ ಆ ಪುಟ ಹಿಡಿದು ನಾನೇ ನಿಲ್ಲುತ್ತೇನೆ. ಅಣ್ಣನಿಗೆ ಇನ್ನೂ ಹೇಳಿಲ್ಲ. ಅವನು ಹೊರಗೆ ಕೂತು ಮತ್ತೆ ಬೂಟು ತಿಕ್ಕುತ್ತಿದ್ದಾನೆ.